ನೆನಪಿನ ದಫ್ತರ

2025ರ ಮೇ 6, ಮಂಗಳವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಧಾರವಾಡದ ಮಾಳಮಡ್ಡಿಯ ಶಾಖಾ ಗ್ರಂಥಾಲಯದ ಗ್ರಂಥಪಾಲಕಿ ಸಂಘಮಿತ್ರಾ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಕಪಾಟಿನಲ್ಲಿದ್ದ ಒಂದು ದಫ್ತರ ಕಳುವಾಗಿದೆ ಎಂದು ಅದರಲ್ಲಿತ್ತು.

ಇನ್ಸ್‌ಪೆಕ್ಟರ್ ನಿಶಾತ ಅದನ್ನು ಎರಡು ಸಲ ಓದಿದರು.

“ದಫ್ತರ ಅಂದ್ರ? ಆಫೀಸಿನ ಲೆಕ್ಕದ್ದೇನ್ರಿ?”

“ಅಲ್ರಿ ಮೇಡಂ. ತೀರಿಕೊಂಡವರದು.”

2021ರಲ್ಲಿ ಕೊರೊನಾದಿಂದ ಹೋದ ಸುತ್ತಲಿನ ಓಣಿಗಳ ಅರವತ್ತೆರಡು ಜನರಿಗೆ ಅದರಲ್ಲಿ ಒಂದೊಂದು ಪುಟವಿತ್ತು. ಒಂದು ಫೋಟೊ, ಸ್ಮಶಾನದಲ್ಲಿ ಕೊಟ್ಟಿದ್ದ ನಂಬರಿನ ಚೀಟಿ, ಮನೆಯವರು ಬರೆದ ನಾಲ್ಕು ಸಾಲು. ಆಗ ಯಾರೂ ಯಾರ ಮನೆಗೂ ಮಾತಾಡಿಸಲು ಹೋಗುವಂತಿರಲಿಲ್ಲ. ಮುಂದೆ ಗ್ರಂಥಾಲಯ ತೆರೆದಾಗ ಜನ ಇಲ್ಲಿಗೆ ಬಂದು ತಮ್ಮವರ ಪುಟ ಬರೆದರು, ಪಕ್ಕದ ಮನೆಯವರ ಪುಟ ಓದಿದರು.

“ನಕಲು ಐತೇನ್ರಿ?”

“ಇಲ್ರಿ. ತೆಗಸಬೇಕು ತೆಗಸಬೇಕು ಅನ್ನೂದರಾಗ...” ಸಂಘಮಿತ್ರಾ ತಲೆ ತಗ್ಗಿಸಿದರು. “ನಮ್ಮ ತಮ್ಮ ಪ್ರಬುದ್ಧಂದೂ ಅದರಾಗ ಅದ ರೀ. ದವಾಖಾನ್ಯಾಗ ಅಂವ ಬರದ ಚೀಟಿ ಅಂಟಿಸೀನಿ. ಅಂವ ಬರದದ್ದು ಅದೊಂದ ಉಳದೈತಿ. ಇದ ಹದಿನಾಲ್ಕಕ್ಕ ನಾಕು ವರ್ಷ ಆಗತೈತಿ.”

ಸರ್ಕಾರಿ ಸ್ವತ್ತಿನ ಕಳವೆಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.15ಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಕಪಾಟಿನ ಬೀಗ ಮುರಿದಿರಲಿಲ್ಲ. ದಫ್ತರಕ್ಕೆ ಸುತ್ತುತ್ತಿದ್ದ ಕೆಂಪು ಬಟ್ಟೆ ಅದೇ ಜಾಗದಲ್ಲಿತ್ತು, ದಪ್ಪಗೆ ಮಡಚಿ ಇಟ್ಟದ್ದು. ಭಾನುವಾರ ಸಂಜೆ ಐದಕ್ಕೆ ಆ ಬಟ್ಟೆಯನ್ನು ಕಂಡು ದಫ್ತರ ಒಳಗಿದೆ ಎಂದುಕೊಂಡು ಸಂಘಮಿತ್ರಾ ಹಗಲೆಲ್ಲ ತೆರೆದಿರುತ್ತಿದ್ದ ಕಪಾಟಿಗೆ ಬೀಗ ಹಾಕಿದ್ದರು. ಸೋಮವಾರ ರಜೆ.

“ಕಳ್ಳ ಇಷ್ಟು ಛಂದ ಮಡಚತಾನೇನ್ರಿ ಮೇಡಂ?” ಹೆಡ್ ಕಾನ್‌ಸ್ಟೆಬಲ್ ದುರಗಪ್ಪ ಬಟ್ಟೆ ಎತ್ತಿ ನೋಡಿದರು. “ನಮ್ಮ ಮನ್ಯಾಗ ನಾ ಟವೆಲ್ ಮಡಚಿದ್ರ ನಮ್ಮಾಕಿ ಬಿಚ್ಚಿ ಮತ್ತ ಮಡಚತಾಳ.”

“ಯಾರು ಯಾರು ಓದಿದ್ರು ಅಂತ ಬರದ ಇಡಂಗಿಲ್ಲೇನ್ರಿ?” ನಿಶಾತ ಕೇಳಿದರು.

“ಬ್ಯಾರೆ ಪುಸ್ತಕಕ್ಕ ಬರಸ್ಕೋತೀವ್ರಿ. ಇದಕ್ಕಿಲ್ಲ. ಅಳೂ ಮಂದಿ ಮುಂದ ಸಹಿ ಮಾಡ್ರಿ ಅಂತ ಹೆಂಗ ವಹಿ ಹಿಡೀಲಿ?”

ಅಂದು ಸಂಜೆ, ಮರುದಿನ ಬೆಳಿಗ್ಗೆ ದುರಗಪ್ಪ ಊರಿನ ರದ್ದಿ ಅಂಗಡಿಗಳನ್ನೆಲ್ಲ ಸುತ್ತಿದರು. ಏನೂ ಸಿಗಲಿಲ್ಲ.

ಬುಧವಾರ ಮಧ್ಯಾಹ್ನ 3 ಗಂಟೆಗೆ ಗ್ರಂಥಾಲಯದ ಎದುರಿನ ಹಿಟ್ಟಿನ ಗಿರಣಿಯ ಕ್ಯಾಮೆರಾ ನೋಡಿದರು. ಭಾನುವಾರ 4 ಗಂಟೆ 52 ನಿಮಿಷಕ್ಕೆ ಐವತ್ತೈದರ ಆಸುಪಾಸಿನ ಒಬ್ಬ ವ್ಯಕ್ತಿ ಬಟ್ಟೆಯ ಚೀಲ ಹಿಡಿದು ಹೊರಗೆ ಬಂದ. ಚೀಲವನ್ನು ಕಂಪೌಂಡ್ ಗೋಡೆಯ ಮೇಲಿಟ್ಟ. ಅಂಗಳದ ನಲ್ಲಿ ಬಿಟ್ಟು ಕಾಲು ತೊಳೆದ, ಕೈ ತೊಳೆದ, ತಲೆಗೆ ನೀರು ಚಿಮುಕಿಸಿಕೊಂಡ. ಆಮೇಲೆ ಚೀಲವನ್ನು ಎದೆಗವಚಿಕೊಂಡು ಹೋದ. ಅವನ ಮುಖ ಪೂರ್ತಿ ಒಂದು ನಿಮಿಷ ಕ್ಯಾಮೆರಾದಲ್ಲಿತ್ತು.

ನಿಶಾತ ಮತ್ತೊಮ್ಮೆ ಹಾಕಿಸಿ ನೋಡಿದರು. “ಕದ್ದಾಂವ ಲಗೂನ ಓಡೂದು ಬಿಟ್ಟು ಕಾಲ್ಯಾಕ ತೊಳಕೊಂತ ನಿಂತಾನ?”

ದುರಗಪ್ಪ ಈಗ ನಗಲಿಲ್ಲ. “ಮಣ್ಣಿಗೆ ಹೋಗಿ ಬಂದವರು ಹಿಂಗ ತೊಳಕೋತಾರ್ರಿ ಮೇಡಂ.”

“ಲೈಬ್ರರಿಯಿಂದ ಹೊರಗ ಬಂದು?”

“ಅವಗ ಅದು ರೂಢಿ ಆಗೇತಿ. ಇಂವ ದಿನಾ ಸುಡುಗಾಡಿಗೆ ಹೋಗಿ ಬಂದ ಮನಿಷಾ.”

ಗುರುವಾರ ಬೆಳಿಗ್ಗೆ 9.30ಕ್ಕೆ ಸ್ಮಶಾನದ ಕಚೇರಿಯಲ್ಲಿ ಫೋಟೊ ತೋರಿಸಿದಾಗ ಅಲ್ಲಿನ ಗುಮಾಸ್ತ ಕೂಡಲೇ ಗುರುತಿಸಿದ. “ಯಂಕಣ್ಣ ಅಲ್ಲೇನ್ರಿ? ಕೊರೊನಾ ವರ್ಷ ಗುತ್ತಿಗಿ ಮ್ಯಾಲೆ ನಮ್ಮಲ್ಲೇ ಇದ್ದ. ಈಗ ಬೈರಿದೇವರಕೊಪ್ಪದಾಗ ಒಂದು ಕಟ್ಟಡ ಕಾಯತಾನ.”

11.40ಕ್ಕೆ ಜೀಪು ಅಲ್ಲಿ ನಿಂತಿತು. ನೀರಿನ ಪಂಪಿನ ಪಕ್ಕದ ಕೋಣೆ. ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಟ್ರಂಕಿನ ಮೇಲೆ ಒಗೆದ ಟವೆಲಿನಲ್ಲಿ ಸುತ್ತಿಟ್ಟ ದಫ್ತರ. ಬಾಗಿಲು ತೆರೆದ ಯಂಕಣ್ಣ ಪೊಲೀಸರನ್ನು ಕಂಡು ಬೆಚ್ಚಲಿಲ್ಲ.

“ನೀವ ಒಯ್ದೀರಿ?”

“ಹೌದ್ರಿ ಅಕ್ಕಾರ.”

“ಯಾಕ?”

“ಹೆಸರು ಬೇಕಾಗಿದ್ದೂವು.”

ಅವನು ಜೇಬಿನಿಂದ ಬೆವರಿಗೆ ಮೆತ್ತಗಾದ ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಟ್ಟ. ಸಾಲು ಸಾಲಾಗಿ ತಾರೀಖು, ನಂಬರು, ವೇಳೆ. ಹೆಸರು ಒಂದೂ ಇರಲಿಲ್ಲ.

“ನಮಗ ಬರೇ ನಂಬರ್ ಹೇಳತಿದ್ರು. ಮಾರಿ ನೋಡೂ ಹಂಗಿರಲಿಲ್ಲ. ಮನಿ ಮಂದಿ ಗೇಟಿನ ಹೊರಗ. ಬಾಯಿಗೆ ನೀರು ಬಿಡಾಕ ಬರತಿರಲಿಲ್ಲ, ಹೆಣ ಸುತ್ತಿದ ಚೀಲದ ಮ್ಯಾಲೆ ನಾನ ಹನಿಸಿ ಕೈ ಮುಗೀತಿದ್ದೆ. ಯಾರಿಗೆ ಮುಗದೆ ಅಂತ ಗೊತ್ತಾಗಬೇಕಲ್ರಿ?”

ನಿಶಾತ ದಫ್ತರ ತೆರೆದರು. ಚೀಟಿಯ ನಂಬರನ್ನು ನೋಟ್‌ಬುಕ್ಕಿಗೆ ಹೊಂದಿಸಿ ಅವನು ಪುಟಗಳ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದ. “ಮುಂಜಾನೆ 11.10. ಗಾಳಿ ಇರಲಿಲ್ಲ. ನೀರು ಹಾಕಿದೆ.” ಇನ್ನೊಂದರ ಕೆಳಗೆ, “ಸಂಜೆ 5. ಮಳೆ ಹನಿ ಬಂತು. ತಗಡು ಹಿಡಿದು ನಿಂತೆವು.”

“ಅಲ್ಲೇ ಕುಂತು ಬರೀಬೇಕಿತ್ತು. ಇಲ್ಲಾ, ಬಾಯಿಬಿಟ್ಟು ಹೇಳಬೇಕಿತ್ತು.”

“ಮೂರು ಸಲ ಹೋಗಿದ್ನಿರಿ. ಒಬ್ಬರು ನನ್ನ ಗುರುತು ಹಿಡದ್ರು, ಕುರ್ಚಿ ಬಿಟ್ಟು ಎದ್ದು ಹೋದ್ರು. ಮತ್ತೊಮ್ಮೆ ಮತ್ತೊಬ್ರು. ನಾ ಕುಂತ್ರ ಓದೂ ಮಂದಿ ಏಳತಾರ. ಯಾಕ ಅವರಿಗೆ ತ್ರಾಸ ಅಂತ... ಎಲ್ಲಾ ಬರದು ತಂದು ಇಡಾಂವ ಇದ್ನಿ.”

ದಫ್ತರ, ನೋಟ್‌ಬುಕ್, ಒಂದು ಪೆನ್ಸಿಲ್ ಜಪ್ತಿಯಾದವು. ನಿಶಾತ ಪುಟ ತಿರುವುತ್ತ ಪ್ರಬುದ್ಧನ ಪುಟಕ್ಕೆ ಬಂದರು. ಚೀಟಿಯಲ್ಲಿ ಮೇ 14, ನಂಬರ್ 31. ದವಾಖಾನೆಯ ಕಾಗದ ಇದ್ದಲ್ಲೇ ಇತ್ತು. ಅದರ ಕೆಳಗೆ ಪೆನ್ಸಿಲಿನ ಗುರುತಿರಲಿಲ್ಲ.

“ಇದೊಂದ ಯಾಕ ಉಳೀತು?”

ಯಂಕಣ್ಣ ಟವೆಲ್ ಮಡಚಿ ಟ್ರಂಕಿನ ಮೇಲಿಟ್ಟ. “ಬರಿಯಾಕ ಕುಂತ್ರ ಕೈ ಏಳವಲ್ದು. ಆ ಲೈಬ್ರರಿ ಅಕ್ಕಾರನ್ನ ನಾ ಮೊದಲ ನೋಡೇನ್ರಿ.”

ಮಧ್ಯಾಹ್ನ 1.05ಕ್ಕೆ ದಸ್ತಗಿರಿ ಮಾಡಿ ಠಾಣೆಗೆ ತಂದರು. ಜಪ್ತಾದ ದಫ್ತರದಲ್ಲಿ ಇನ್ನು ಯಾರೂ ಏನೂ ಬರೆಯುವಂತಿರಲಿಲ್ಲ. ಹೇಳಿಕೆಯಲ್ಲಿ ಬರೆಯಬಹುದಿತ್ತು. ಯಂಕಣ್ಣ ಹೇಳಿದ, ದುರಗಪ್ಪ ಬರೆದುಕೊಂಡರು.

4.30ಕ್ಕೆ ಸಂಘಮಿತ್ರಾ ದಫ್ತರ ಗುರುತಿಸಲು ಬಂದರು. ತಮ್ಮನ ಪುಟ ತೆರೆದು ಅವನು ಬರೆದ ಚೀಟಿಯ ಅಂಚನ್ನು ಬೆರಳಿನಿಂದ ಸವರಿದರು. ಉಳಿದ ಪುಟಗಳ ಪೆನ್ಸಿಲ್ ಸಾಲು ಓದುತ್ತ ಹೋದರು. ಮತ್ತೆ ತಮ್ಮನ ಪುಟಕ್ಕೆ ಬಂದು, “ಇವಂಗೇನೂ ಬರದಿಲ್ಲ” ಎಂದರು.

ನಿಶಾತ ಹೇಳಿಕೆಯ ಮೂರನೆಯ ಹಾಳೆ ತೆಗೆದು ಮೆಲ್ಲಗೆ ಓದಿದರು.

“ನಂಬರ್ 31. ಮಧ್ಯಾಹ್ನ 2 ಗಂಟೆ 40 ನಿಮಿಷ. ನಾನು ನೀರು ಹಾಕಿ ಕೈ ಮುಗಿದೆನು. ಗೇಟಿನ ಹೊರಗೆ ಒಬ್ಬ ಹೆಣ್ಣುಮಗಳು ಒಬ್ಬಳೇ ನಿಂತಿದ್ದಳು. ಕೈಯಲ್ಲಿ ನೀಲಿ ಛತ್ರಿ ಇತ್ತು. ಬಹಳ ಬಿಸಿಲಿದ್ದರೂ ತೆರೆದಿರಲಿಲ್ಲ. ಹೊಗೆ ನಿಲ್ಲುವವರೆಗೆ ಅಲ್ಲಿಯೇ ಇದ್ದಳು. ಎಲ್ಲ ಸರಿಯಾಗಿ ಆಯಿತೆಂದು ತಿಳಿಸಲು ನಾನು ಒಳಗಿನಿಂದ ಕೈ ಎತ್ತಿದೆನು. ಅವಳು ನೋಡಲಿಲ್ಲ.”

ಸಂಘಮಿತ್ರಾ ಕಿಟಕಿಯ ಕಡೆ ತಿರುಗಿದರು. “ಛತ್ರಿ ಕೈಯಾಗಿದ್ದದ್ದು ನನಗ ನೆನಪ ಇರಲಿಲ್ಲ” ಎಂದರು. ದಫ್ತರ ಮುಚ್ಚಿ ಕೇಳಿದರು, “ಹದಿನಾಲ್ಕಕ್ಕ ದಫ್ತರ ಸಿಗತೈತೇನ್ರಿ?”

“ನಾಳೆ ಕೋರ್ಟಿಗೆ ಅರ್ಜಿ ಹಾಕ್ರಿ. ನಮ್ಮ ತಕರಾರಿಲ್ಲ ಅಂತ ನಾ ಬರದು ಕೊಡತೇನಿ.”

ಅವರು ಹೊರಗೆ ಹೋದ ಮೇಲೆ ನಿಶಾತ ಕೇಸ್ ಡೈರಿ ಬರೆಯಲು ಕುಳಿತರು. ಕಳವಿನ ಉದ್ದೇಶ ಎಂದು ಬರೆದು ಪೆನ್ನು ತಡೆದರು. ಲಾಭ, ದ್ವೇಷ, ಎರಡೂ ಆಗಿರಲಿಲ್ಲ. ಕೊನೆಗೆ ಬರೆದರು: “ಆರೋಪಿಯು ತಾನು ಕಳಿಸಿಕೊಟ್ಟವರ ಹೆಸರು ತಿಳಿದುಕೊಳ್ಳಲು, ಅವರ ಮನೆಯವರಿಗೆ ತಾನು ಅಲ್ಲಿದ್ದೆನೆಂದು ತಿಳಿಸಲು ಒಯ್ದಿರುತ್ತಾನೆ.”

ಹೊರಗಿನ ಬೆಂಚಿನ ತುದಿಯಲ್ಲಿ ಯಂಕಣ್ಣ ನ್ಯಾಯಾಧೀಶರ ಮುಂದೆ ಒಯ್ಯುವ ಜೀಪಿಗಾಗಿ ಕಾಯುತ್ತಿದ್ದ. ಪಕ್ಕದಲ್ಲಿ ದುರಗಪ್ಪ ನಿಂತಿದ್ದರು. ಸಂಘಮಿತ್ರಾ ಬರುವುದನ್ನು ಕಂಡು ಅವನು ರೂಢಿಯಂತೆ ಏಳಹೋದ.

“ಕೂಡ್ರಿ ಕಾಕಾ” ಎಂದು ಅವರು ಅದೇ ಬೆಂಚಿನ ಮೇಲೆ, ಅವನ ಪಕ್ಕದಲ್ಲೇ ಕುಳಿತರು.