ತಾವಾಗಿ ನಡೆದುಹೋದ ಹಂದಿಗಳು

ಇಂಗ್ಲೆಂಡು, ಫ್ರಾನ್ಸು ಸಮುದ್ರದಾಚೆ ಕಚ್ಚಾಡಿದರೆ ಅಮೆರಿಕದ ವರ್ಮಾಂಟಿನ ರೈತ ಹಂದಿ ಯಾಕೆ ಮಾರಬಾರದು? ಜೆಬುಲನ್ ಥ್ರಾಲ್‌ಗೆ ಇದು ತಲೆಗೇ ಹೋಗಲಿಲ್ಲ. ಅಮೆರಿಕ ಯಾರ ಪಕ್ಷವನ್ನೂ ವಹಿಸುವುದಿಲ್ಲವಂತೆ, ಅದಕ್ಕೇ ಹೊರಗೆ ಏನನ್ನೂ ಮಾರಕೂಡದಂತೆ. ಗುಡ್ಡದಾಚೆಗೇ ಕೆನಡಾ. ಅಲ್ಲಿ ಇಂಗ್ಲೆಂಡಿನ ಪಡೆ ಹಂದಿಮಾಂಸಕ್ಕೆ ಬಾಯಿಬಿಟ್ಟುಕೊಂಡು ಕೂತಿತ್ತು. ಬೇಸಿಗೆಯಲ್ಲಿ ಸಾಗಿಸಲು ಹೋದಾಗ ಸುಂಕದ ಅಧಿಕಾರಿ ವೀಲಾಕ್ ಗಾಡಿ, ಎತ್ತು, ಮಾಂಸದ ಪೀಪಾಯಿ ಎಲ್ಲವನ್ನೂ ಜಪ್ತಿ ಮಾಡಿದ್ದ. ಈಗ ಉಳಿದಿದ್ದು ಹಂದಿಗಳು ಮಾತ್ರ. ಅವೂ ಕೈಬಿಟ್ಟರೆ ಹೊಲ ಬಿಟ್ಟು ಕೂಲಿಗೆ ಹೋಗಬೇಕು.

ಥ್ರಾಲ್ ಕಾನೂನನ್ನು ಅರೆದು ಕುಡಿದ. ಸಾಗಿಸಿದವನಿಗೆ ಶಿಕ್ಷೆ, ಅಟ್ಟಿಕೊಂಡು ಹೋದವನಿಗೆ ಶಿಕ್ಷೆ. ತಾನಾಗಿ ನಡೆದುಹೋದ ಹಂದಿಯ ಬಗ್ಗೆ ಅದನ್ನು ಬರೆದ ಮಹಾಮೇಧಾವಿಗಳು ಚಕಾರವೆತ್ತಿರಲಿಲ್ಲ. ಭಾವಮೈದುನ ಜೇಬೆಜ್ ಗಡಿಯಾಚೆ ನಿಂತು ಮೆಕ್ಕೆಜೋಳದ ತೆನೆ ತೋರಿಸಿ ಕೂಗಿದರೆ ಸಾಕು. ಮಿಕ್ಕಿದ್ದು ಹಸಿದ ಹೊಟ್ಟೆಯ ಕೆಲಸ. ಒಂದು ವೇಳೆ ಕೋರ್ಟಿಗೆ ಹೋದರೂ ಭಯವೇನು? ತೀರ್ಪು ಹೇಳುವ ಜ್ಯೂರಿಯಲ್ಲಿ ಕೂರುವವರು ಊರಿನ ರೈತರೇ, ಎಲ್ಲರೂ ಕದ್ದು ಸಾಗಿಸುವವರೇ.

ಹಿಂಡನ್ನು ಉಪವಾಸ ಕೆಡವಿ, ಬೆಳಿಗ್ಗೆ ಗುಡ್ಡದ ಕಾಡಿಗೆ ಬಿಟ್ಟು, ಥ್ರಾಲ್ ನೇರವಾಗಿ ವೀಲಾಕ್‌ನ ಚೌಕಿಗೇ ಹೋಗಿ ಕೂತ. ಅವನ ಸೇಬಿನ ಮದ್ಯವನ್ನೇ ಕುಡಿದ.

"ಕೂತ್ಕೊಳ್ಳಪ್ಪ," ಎಂದ ವೀಲಾಕ್. "ನೀನು ಕಣ್ಮುಂದೆ ಇದ್ರೆ ನಂಗೂ ನೆಮ್ಮದಿ."

ಸ್ವಲ್ಪ ಹೊತ್ತಿಗೆ ಗುಡ್ಡದ ಕಡೆಯಿಂದ ಕೂಗು ತೇಲಿಬಂತು. ಮರಗಳ ನಡುವೆ ಕಪ್ಪು ಬೆನ್ನುಗಳು ಗಡಿಯತ್ತ ನುಗ್ಗಿದವು. ವೀಲಾಕ್ ಎದ್ದು ನಿಂತ.

"ಅವು ನಿನ್ನ ಹಂದಿ ಅಲ್ವೇನಯ್ಯಾ?"

"ಅಷ್ಟೂ ನನ್ನವೇ ಸ್ವಾಮಿ. ನಾನೇನ್ ಮಾಡ್ಲಿ? ಸರ್ಕಾರದ ಹುಕುಂ ಓದೋಕೆ ಅವಕ್ಕೆ ಬರಲ್ವಲ್ಲ."

ವೀಲಾಕ್ ಮುಖ ಕೆಂಪಗಾಯಿತು. ಕಾನೂನೆಂಬುದು ದಡ್ಡರಿಗೆ ಕಟ್ಟಿದ ಬೇಲಿ ಎಂದುಕೊಂಡು ಥ್ರಾಲ್ ಇನ್ನೊಂದು ಲೋಟ ಬಗ್ಗಿಸಿಕೊಂಡ. ಗುಡ್ಡದಾಚೆ ಆಗಲೇ ವ್ಯಾಪಾರ ಮುಗಿದು, ಕಟುಕರ ಕತ್ತಿ ಕೆಲಸ ಶುರು ಮಾಡಿತ್ತು.

ಸಂಜೆ ಊರಿನ ರೈತರೆಲ್ಲ ದೊಣ್ಣೆ ಹಿಡಿದು ಚೌಕಿಗೆ ಬಂದರು. ಥ್ರಾಲ್ ಅವರಿಗೂ ಕತೆ ಹೇಳಲು ಬಾಯಿ ತೆರೆದ. ಯಾರೂ ನಗಲಿಲ್ಲ. ಸರ್ಕಾರದ ತಲೆಯೊಳಗೆ ಹೊಕ್ಕು ಬಂದ ಜಾಣ, ಚಳಿಗಾಲಕ್ಕೆ ಮುಂಚೆ ಬೀಚ್ ಮರದ ಕಾಯಿ ತಿಂದು ಕೊಬ್ಬಲೆಂದು ಊರಿಗೆ ಊರೇ ತನ್ನ ಹಂದಿಗಳನ್ನು ಅದೇ ಕಾಡಿಗೆ ಬಿಟ್ಟಿರುತ್ತದೆ ಎಂಬುದನ್ನು ಮರೆತಿದ್ದ. ತೆನೆ ಕಂಡ ಹಂದಿ ಕೂಗಿದವನು ಯಾರೆಂದು ಕೇಳುವುದಿಲ್ಲ. ಊರಿನ ಹಂದಿಗಳೂ ಗಡಿ ದಾಟಿ ಕಟುಕರ ಪಾಲಾಗಿದ್ದವು. ಕದ್ದು ಸಾಗಿಸಿದವನನ್ನು ಬಿಟ್ಟುಬಿಡುವ ಜ್ಯೂರಿ, ತನ್ನ ಹಂದಿ ಕದ್ದವನನ್ನು ಬಿಟ್ಟ ಉದಾಹರಣೆ ಆ ಸೀಮೆಯಲ್ಲಿ ಇರಲಿಲ್ಲ.