ಬಾಗಿಲಿಗೆ ಅಡ್ಡ ನಿಂತವಳು

ಕೆಂಚೇಶನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನಿಗೂ ಅಷ್ಟೇ. ಜಗಳೂರಿನ ಕೋವಿಡ್ ಐಸಿಯುನಲ್ಲಿ ಇಬ್ಬರೂ ಸ್ಟಾಫ್ ನರ್ಸ್. ಒಳಗಿಂದ ಬಂದವರು ಪಿಪಿಇ ಕಿಟ್ ಬಿಚ್ಚುವಾಗ ಎದುರು ನಿಂತು, ಒಂದೊಂದೇ ಹೇಳಿ ಬಿಚ್ಚಿಸುವುದು ನನ್ನ ಪಾಲಿನ ಕೆಲಸ. ಅವಸರದಲ್ಲಿ ಕೈ ಮುಖಕ್ಕೆ ಹೋದರೆ ಸೋಂಕು ಅವರ ಜೊತೆಯೇ ಮನೆಗೆ ಹೋಗುತ್ತದೆ.

"ದುರ್ಗಾಂಬಿಕಾ ಮೇಡಂ, ಪೊಲೀಸ್ ಕೆಲಸ ಸಿಗ್ಲಿಲ್ಲ ಅಂತ ಇಲ್ಲಿಗೆ ಬಂದ್ರೇನ್ರೀ?" ಎಂದು ಕಿಟ್ ಬಿಚ್ಚುವಾಗೆಲ್ಲ ಕೆಂಚೇಶ್ ಕೆಣಕುತ್ತಿದ್ದ.

"ಕಳ್ಳರು ಇಲ್ಲೇ ಜಾಸ್ತಿ ಅದಾರೆ, ಅದಕ್ಕೆ."

"ನಿಮ್ಮನ್ನ ಕಟ್ಕಳೋನು ಏನು ಕರ್ಮ ಮಾಡಿದ್ನೋ, ಪಾಪ!"

"ನೀವಂತೂ ಅಲ್ವಲ್ಲ, ಆರಾಮಾಗಿರ್ರಿ."

ಮಾಸ್ಕಿನ ಮೇಲೆ ಕಾಣುವ ಎರಡು ಕಣ್ಣಲ್ಲೇ ಅವನು ಬೈಯುತ್ತಿದ್ದ. ನಾನೂ ಬಿಡದೆ ದುರುಗುಟ್ಟಿ ನೋಡುತ್ತಿದ್ದೆ. ಎಷ್ಟು ನೋಡಿಬಿಟ್ಟಿದ್ದೆನೆಂದರೆ, ಅವನಿಗೆ ರಜೆ ಇದ್ದ ದಿನ ವಾರ್ಡು ಬಿಕೋ ಅನ್ನುತ್ತಿತ್ತು. ಆ ಸಿಟ್ಟನ್ನೂ ಮರುದಿನ ಅವನ ಮೇಲೆಯೇ ತೀರಿಸಿಕೊಳ್ಳುತ್ತಿದ್ದೆ.

ಆಮೇಲೆ ಬಿಳಿಚೋಡಿನಿಂದ ಅವನ ಅವ್ವ ಉಚ್ಚಂಗೆಮ್ಮ ಆಂಬುಲೆನ್ಸಿನಲ್ಲಿ ಬಂದರು. ಬೋರಲು ಮಲಗಿಸಿ ಆಕ್ಸಿಜನ್ ಕೊಟ್ಟರೂ ಉಸಿರು ಸಾಲುತ್ತಿರಲಿಲ್ಲ. ಕೆಂಚೇಶ್ ನನ್ನ ಜೊತೆ ಜಗಳ ಆಡುವುದನ್ನೇ ನಿಲ್ಲಿಸಿದ.

ಒಂದು ಮಧ್ಯಾಹ್ನ ಮಾನಿಟರ್ ಕಿರುಚಿತು. ಒಳಗೆ ಡ್ಯೂಟಿಯಲ್ಲಿದ್ದ ನರ್ಸ್ ವನಜಾಕ್ಷಿ, "ಉಚ್ಚಂಗೆಮ್ಮನ ಹಾರ್ಟ್ ನಿಂತೈತೆ!" ಎಂದು ಕೂಗಿ ಎದೆ ಒತ್ತಲು ಶುರುಮಾಡಿದರು. ಕೆಂಚೇಶ್ ಊಟದ ಡಬ್ಬಿ ಬಿಟ್ಟು ಓಡಿ ಬಂದ. ಗೌನಿಲ್ಲ, ಗ್ಲೌಸಿಲ್ಲ, ಮಾಸ್ಕು ಗದ್ದದ ಕೆಳಗಿತ್ತು. ಎದೆ ಒತ್ತುವಾಗ ರೋಗಿಯ ಉಸಿರಿನ ಜೊತೆ ವೈರಸ್ಸು ಕೋಣೆ ತುಂಬಾ ಹರಡುತ್ತದೆ. ಹೀಗೇ ಏನೂ ಹಾಕಿಕೊಳ್ಳದೆ ಒಳಗೆ ನುಗ್ಗಿದ್ದ, ನಮ್ಮ ಜೊತೆ ಕೆಲಸಕ್ಕಿದ್ದ ಪರಶುರಾಮಣ್ಣನನ್ನು ಹೋದ ತಿಂಗಳಷ್ಟೇ ಮಣ್ಣು ಮಾಡಿ ಬಂದಿದ್ದೆವು.

ನಾನು ಬಾಗಿಲಿಗೆ ಅಡ್ಡ ನಿಂತೆ.

"ಅತ್ಲಾಗೆ ಸರೀರಿ!"

"ಕಿಟ್ ಹಾಕ್ಕಳ್ರಿ."

"ನಮ್ಮವ್ವನ ಜೀವ ಹೋಗಾಕತ್ತೈತೆ!"

"ವನಜಾಕ್ಷಕ್ಕ ಒಳಗದಾರೆ. ನೀವು ಕಿಟ್ ಹಾಕ್ಕಳ್ರಿ."

ತಳ್ಳಿದ. ನನ್ನ ಭುಜ ಬಾಗಿಲಿಗೆ ಬಡಿಯಿತು. ಜಾಗ ಬಿಡಲಿಲ್ಲ. "ನಿಮ್ಮವ್ವ ಆಗಿದ್ರೆ ಹಿಂಗೇ ನಿಲ್ತಿದ್ಯೇನೇ?" ಎಂದು ಅರಚಿದ. ನಾನು ಗೌನು ಬಿಡಿಸಿ ಅವನ ಮುಂದೆ ಹಿಡಿದೆ. ಬಾಯಿಗೆ ಬಂದದ್ದು ಬೈಯುತ್ತಲೇ ತೋಳು ತೂರಿಸಿದ. ಹಿಂದಿನ ಕಟ್ಟು ಕಟ್ಟಿ, ಮಾಸ್ಕು, ಕನ್ನಡಕ, ಗ್ಲೌಸು ಹಾಕಿಸಿ ದಾರಿ ಬಿಟ್ಟೆ.

ಒಳಗೆ ಹೋಗಿ ವನಜಾಕ್ಷಿಯನ್ನು ಸರಿಸಿ ತಾನೇ ಒತ್ತಿದ. ಡಾಕ್ಟರು ಸಾಕು ಅಂದ ಮೇಲೂ ಒತ್ತಿದ. ಉಚ್ಚಂಗೆಮ್ಮ ಉಳಿಯಲಿಲ್ಲ.

ಕಿಟ್ ಬಿಚ್ಚುವ ಕೋಣೆಗೆ ಬಂದಾಗ ಅವನ ಕನ್ನಡಕದ ಒಳಗೆಲ್ಲ ಕಣ್ಣೀರು. ಒರೆಸಿಕೊಳ್ಳಲು ಕೈ ಎತ್ತಿದ, ಅವ್ವನ ಎದೆ ಒತ್ತಿದ ಅದೇ ಗ್ಲೌಸಿನಲ್ಲಿ. ನಾನೂ ಕಿಟ್ಟಿನಲ್ಲಿದ್ದೆ. ಮಣಿಕಟ್ಟು ಹಿಡಿದು ನಿಲ್ಲಿಸಿದೆ.

"ನಿನ್ನ ಮುಖ ನೋಡಾಕೂ ಇಷ್ಟ ಇಲ್ಲ ನಂಗೆ," ಎಂದ. "ಇದನ್ನ ಯಾವತ್ತೂ ಮರೆಯಲ್ಲ."

"ಮರೀಬೇಡ್ರಿ. ನಾಳೆ ಇಂಥದ್ದೇ ಆದ್ರೂ ನಾನು ಹಿಂಗೇ ಅಡ್ಡ ನಿಲ್ತೀನಿ. ನೀವಿಲ್ದೆ ನಂಗಾಗಲ್ಲ ಕೆಂಚೇಶ್. ನನ್ನ ಬೈಯಾಕಾದ್ರೂ ಬದುಕಿರ್ರಿ."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ. ಇಬ್ಬರೂ ಕಣ್ಣು ಒರೆಸಿಕೊಳ್ಳುವ ಹಾಗಿರಲಿಲ್ಲ.

"ಏನೂ ಕಾಣಾಕತ್ತಿಲ್ಲ," ಎಂದ ಕೊನೆಗೆ, ಕೈ ನನ್ನ ಕೈಯಲ್ಲೇ ಬಿಟ್ಟು. "ಮೊದ್ಲು ಯಾವ್ದು ಬಿಚ್ಲಿ, ನೀನೇ ಹೇಳು."