ಜೂನ್ ಒಂದರ ಹುಡುಗಿಯರು

2025ರ ಜೂನ್ 9, ಸೋಮವಾರ. ಬೆಳಿಗ್ಗೆ 10.40ಕ್ಕೆ ವಾಡಿ ಠಾಣೆಯೊಳಗೆ ಇಬ್ಬರು ಬಂದರು. ಮುಂದಿದ್ದವರು ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಮುಖ್ಯ ಗುರು ನಾಗೇಂದ್ರಪ್ಪ. ಅವರ ಕಂಕುಳಲ್ಲಿ ಕೆಂಪು ಬಟ್ಟೆ ಸುತ್ತಿದ ದಪ್ಪ ರಿಜಿಸ್ಟರ್ ಇತ್ತು. ಹಿಂದಿದ್ದವಳು ಅದೇ ಶಾಲೆಯಲ್ಲಿ ಕಲಿತು ನರ್ಸಿಂಗ್ ಮುಗಿಸಿದ್ದ ಶಿವಗಂಗಾ. ವಯಸ್ಸು ಇಪ್ಪತ್ನಾಲ್ಕು.

ಪಿಎಸ್‌ಐ ಸಿದ್ದಲಿಂಗೇಶ ಆಗ ಮೊಬೈಲಿನಲ್ಲಿ ಒಂದು ಫೋಟೊ ನೋಡುತ್ತಿದ್ದ. ಅವನ ಬ್ಯಾಚಿನವನೇ ಆದ ಮಹೇಶಕುಮಾರ ಬಡ್ತಿ ಪಡೆದು ಶಹಾಬಾದಿಗೆ ಸರ್ಕಲ್ ಇನ್ಸ್‌ಪೆಕ್ಟರ್ ಆಗಿ ಬಂದಿದ್ದ. ಕೊರಳಲ್ಲಿ ಮಾರುದ್ದದ ಹಾರ. ಬೆಳಗಿನಿಂದ ಆ ಫೋಟೊ ನೋಡುತ್ತಿರುವುದು ಇದು ಏಳನೆಯ ಸಲ. ಪ್ರತಿ ಸಲವೂ ಹಾರದ ಹೂವು ಬಾಡಿದೆ ಎಂದುಕೊಂಡು ಸಿದ್ದಲಿಂಗೇಶ ಒಂದಿಷ್ಟು ಸಮಾಧಾನ ಮಾಡಿಕೊಳ್ಳುತ್ತಿದ್ದ.

"ಕುಂದ್ರಿ ಸರ್. ಏನಾಗ್ಯದ?"

"ಹಾಳಿ ಹೋಗ್ಯದ್ರಿ."

"ಎಂಥಾ ಹಾಳಿ?"

"2007ನೇ ಸಾಲಿನ ದಾಖಲಾತಿದು. ಒಂದೇ ಹಾಳಿ. ಬ್ಲೇಡಿನಿಂದ ಕೊಯ್ದಾರ."

ಹಾಳೆ ಹೋದದ್ದಕ್ಕೆ ಠಾಣೆಗೆ ಬರುವುದೇ ಎಂದು ಸಿದ್ದಲಿಂಗೇಶ ನಗಬೇಕೆಂದಿದ್ದ. ಹುಡುಗಿಯ ಮುಖ ನೋಡಿ ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಂಡ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾದ ಸ್ಥಳೀಯ ಕೋಟಾದಲ್ಲಿ ಅವಳಿಗೆ ಸರ್ಕಾರಿ ಆಸ್ಪತ್ರೆಯ ನರ್ಸ್ ಹುದ್ದೆ ಸಿಕ್ಕಿತ್ತು. ಮೇ 26ಕ್ಕೆ ಪಟ್ಟಿ ಬಂತು, ಅದರ ಬೆನ್ನಿಗೇ ನೇಮಕಾತಿ ಕಚೇರಿಗೆ ಹೆಸರಿಲ್ಲದ ಅರ್ಜಿಯೊಂದು ಹೋಯಿತು. ಇವಳು ಭಾರತೀಯಳೇ ಅಲ್ಲ, ನೇಪಾಳದವಳು, ಶಾಲೆಯ ಮೂಲ ರಿಜಿಸ್ಟರ್ ತರಿಸಿ ನೋಡಿ ಎಂದು. ಬರುವ ಶುಕ್ರವಾರ ರಿಜಿಸ್ಟರ್ ಸಮೇತ ಕಲಬುರಗಿಗೆ ಬರಬೇಕೆಂದು ಕಚೇರಿಯವರು ತಿಳಿಸಿದ್ದರು. ಇಂದು ಗುರುಗಳು ತೆರೆದು ನೋಡಿದರೆ ಅವಳ ಹೆಸರಿದ್ದ ಹಾಳೆಯೇ ಇಲ್ಲ.

"ನೀ ಎಲ್ಲಿಯಾಕಿ?" ಸಿದ್ದಲಿಂಗೇಶ ಕೇಳಿದ.

"ವಾಡಿಯಾಕಿ ರಿ."

"ಅದಲ್ಲ. ಮೂಲ?"

"ಮೂಲನೂ ವಾಡಿನೇ ರಿ. ನನಗ ಎಲ್ಲಾರೂ ಇದನ್ನ ಎರಡು ಸಲ ಕೇಳ್ತಾರ."

ಸಿದ್ದಲಿಂಗೇಶನಿಗೆ ಮಾತು ಚುಚ್ಚಿತು. ಕೇಳಿದ್ದು ತಪ್ಪೆಂದು ಗೊತ್ತಿದ್ದರಿಂದ ಇನ್ನಷ್ಟು ಚುಚ್ಚಿತು. ಮುಂದಿನದನ್ನು ಗುರುಗಳೇ ಹೇಳಿದರು. ತಂದೆ ಧನಬಹಾದೂರ ಮೂವತ್ತು ವರ್ಷದ ಹಿಂದೆ ನೇಪಾಳದಿಂದ ಬಂದು ಸಿಮೆಂಟ್ ಕಾಲೊನಿಯೊಂದರಲ್ಲಿ ಕಾವಲುಗಾರನಾಗಿದ್ದವನು, ತೀರಿಕೊಂಡು ನಾಲ್ಕು ವರ್ಷವಾಗಿದೆ. ತಾಯಿ ಚಂದಮ್ಮ ಚಿಂಚೋಳಿ ತಾಲೂಕಿನ ಐನಾಪುರದವಳು. ಹೆರಿಗೆ ವಾಡಿಯ ಮನೆಯಲ್ಲೇ ಆಗಿದ್ದು, ಜನನ ಪತ್ರ ಯಾರೂ ಮಾಡಿಸಲಿಲ್ಲ. ಹುಟ್ಟಿದ್ದು ಎಲ್ಲಿ, ಯಾವ ದೇಶದವಳು ಎಂದು ಹೇಳುವ ಹಳೆಯ ಕಾಗದ ರಿಜಿಸ್ಟರಿನ ಆ ಹಾಳೆಯೊಂದೇ. ಅದಿಲ್ಲದಿದ್ದರೆ ನೌಕರಿ ಹೋಗುವುದಷ್ಟೇ ಅಲ್ಲ, ಅವಳ ಹೆಸರಿನಲ್ಲಿ ವಿದೇಶಿಯಳೆಂಬ ಗುಮಾನಿಯ ಫೈಲೊಂದು ತೆರೆದುಕೊಳ್ಳುತ್ತದೆ.

11.55ಕ್ಕೆ ಎಫ್‌ಐಆರ್ ಆಯಿತು. ಮಧ್ಯಾಹ್ನ 1.30ಕ್ಕೆ ಸಿದ್ದಲಿಂಗೇಶ ಹೆಡ್ ಕಾನ್‌ಸ್ಟೆಬಲ್ ಭಾಗ್ಯಶ್ರೀಯನ್ನು ಕರೆದುಕೊಂಡು ಶಾಲೆಗೆ ಹೋಗಿ ಸ್ಥಳ ಪಂಚನಾಮೆ ಮಾಡಿದ. ಕಪಾಟಿನ ಬೀಗ ಮುರಿದಿರಲಿಲ್ಲ. ಹಾಳೆಯನ್ನು ಹೊಲಿಗೆಯ ಗುಂಟ ನೇರವಾಗಿ ಕತ್ತರಿಸಿದ್ದರು, ಅವಸರದ ಕೆಲಸವಲ್ಲ. ಗುಮಾಸ್ತ ಆನಂದಕುಮಾರ ಬಾಗಿಲ ಬಳಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ರಿಜಿಸ್ಟರ್ ಯಾರ ಕೈಯಾಗ ಕೊಟ್ಟಿದ್ದಿ?" ಸಿದ್ದಲಿಂಗೇಶ ಅವನನ್ನು ಕೇಳಿದ.

"ಯಾರಿಗೂ ಕೊಡಂಗಿಲ್ರಿ."

"ಹಳೇ ಹುಡುಗರು ಸರ್ಟಿಫಿಕೇಟಿಗೆ ಬಂದ್ರ ಹೆಸರು ಯಾರು ಹುಡುಕ್ತಾರ?"

ಆನಂದಕುಮಾರ ನೆಲ ನೋಡಿದ. "ಅವರವರ ಹೆಸರು ಅವರೇ ಹುಡುಕ್ತಾರ್ರಿ. ಅಷ್ಟು ಹಾಳಿ ನಾ ಒಬ್ಬನೇ ಎಷ್ಟಂತ ತಿರುವ್ಲಿ?"

"ಈ ಒಂದು ತಿಂಗಳದಾಗ ಎಷ್ಟು ಮಂದಿ ಬಂದಾರ?"

"ನಾಕು ಮಂದಿ ರಿ."

ಭಾಗ್ಯಶ್ರೀ ನಾಲ್ಕು ಹೆಸರುಗಳನ್ನು ಬರೆದುಕೊಂಡಳು.

ಮರುದಿನ ಬೆಳಿಗ್ಗೆ 11 ಗಂಟೆಗೆ ಆ ಅನಾಮಧೇಯ ಅರ್ಜಿಯ ನಕಲು ಠಾಣೆಗೆ ಬಂತು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದು, ಸೇಡಂನಲ್ಲಿ ಅಂಚೆಗೆ ಹಾಕಿದ್ದು. ಸಿದ್ದಲಿಂಗೇಶ ಗಟ್ಟಿಯಾಗಿ ಓದಿದ: "ಸದರಿಯವಳ ಜನ್ಮ ದಿನಾಂಕ 1-6-2001 ಎಂದು ಶಾಲೆಯಲ್ಲಿ ಸುಳ್ಳು ಬರೆಸಿರುತ್ತಾರೆ. ನಿಜವಾಗಿ ಅವಳು ಹುಟ್ಟಿದ್ದು ದೀಪಾವಳಿ ಪಾಡ್ಯದ ಮರುದಿನ."

ಭಾಗ್ಯಶ್ರೀ ನಕ್ಕಳು. "ನಂದೂ ಒಂದು-ಆರೇ ಸಾಹೇಬ್ರ."

"ನಂದೂ ಅದೇ."

ಈ ಕಡೆಯ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದವರು. ಶಾಲೆ ಶುರುವಾಗುವ ದಿನ ಮಗುವನ್ನು ಎಳೆದುಕೊಂಡು ಬಂದ ತಾಯಿಗೆ ತಾರೀಖು ನೆನಪಿರುವುದಿಲ್ಲ, ಮಾಸ್ತರರಿಗೆ ವಯಸ್ಸು ಸರಿಹೊಂದಬೇಕು. ಅವರು ಒಂದು-ಆರು ಎಂದು ಬರೆದು ಮುಂದಿನ ಮಗುವನ್ನು ಕರೆಯುತ್ತಾರೆ. ಒಂಬತ್ತು ದಿನದ ಹಿಂದೆ ಠಾಣೆಯ ಐದು ಜನ ಒಂದೇ ಕೇಕ್ ಕತ್ತರಿಸಿದ್ದರು.

"ಒಂದು-ಆರು ಸುಳ್ಳು ಅನ್ನೋದು ಎಲ್ಲಾರಿಗೂ ಗೊತ್ತದ," ಸಿದ್ದಲಿಂಗೇಶ ನಿಧಾನವಾಗಿ ಹೇಳಿದ. "ಖರೇ ದಿನ ಯಾವುದು ಅನ್ನೋದು ಯಾರಿಗೆ ಗೊತ್ತಿರ್ತದ?"

"ನನ್ನ ಖರೇ ದಿನ ನಮ್ಮವ್ವಗೇ ಗೊತ್ತಿಲ್ರಿ. ಜ್ವಾಳ ಕೊಯ್ಯೋ ಟೈಮು ಅಂತಾಳ."

ಅರ್ಜಿ ಬರೆದವರು ಜಾಣತನ ತೋರಿಸಲು ಹೋಗಿ ತಮ್ಮ ಗುರುತನ್ನೇ ಬರೆದು ಕಳಿಸಿದ್ದರು. 12.15ಕ್ಕೆ ಶಿವಗಂಗಾಳನ್ನು ಕರೆಸಿದರು.

"ನಿನ್ನ ಖರೇ ಹುಟ್ಟಿದ ದಿನ ಯಾವುದು?"

"ದೀಪಾವಳಿ ಪಾಡ್ಯದ ಮರುದಿನ್ರಿ. ಅಪ್ಪನ ದೇಶದಾಗ ಅವತ್ತು ತಂಗಿ ಅಣ್ಣಗ ತಿಲಕ ಹಚ್ಚತಾಳ. ಏಳು ಬಣ್ಣದ್ದು. ಅದಕ್ಕ ಅಪ್ಪ ಆ ದಿನ ಮರೀಲಿಲ್ಲ."

"ಮತ್ಯಾರಿಗೆ ಗೊತ್ತು?"

"ಅವ್ವಗ."

"ಮತ್ತ?"

"ನನಗ ಅಣ್ಣ ಇಲ್ರಿ. ಬಾಜು ಮನಿ ಶೈಲಶ್ರೀನ ಅಣ್ಣನ ಜಾಗಾದಾಗ ಕುಂದ್ರಸ್ತಿದ್ವಿ. ಹನ್ನೊಂದು ವರ್ಷ ಆಕಿಗೇ ತಿಲಕ ಹಚ್ಚೀನಿ."

ಭಾಗ್ಯಶ್ರೀ ನಾಲ್ಕು ಹೆಸರಿನ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಮೂರನೆಯ ಹೆಸರು ಶೈಲಶ್ರೀ, ಜೂನ್ 2.

"ಆಕಿ ಮಾಡಿರಂಗಿಲ್ರಿ ಸರ್," ಶಿವಗಂಗಾ ತಕ್ಷಣ ಹೇಳಿದಳು. "ಇಬ್ರೂ ಕೂಡೇ ಓದೀವಿ, ಕೂಡೇ ಅರ್ಜಿ ಹಾಕೀವಿ. ಆಕಿಗೂ ಸಿಗತದ, ವೇಟಿಂಗ್ ಲಿಸ್ಟಿನಾಗ ಆಕಿನೇ ಮೊದಲ್ನೇದಾಕಿ. ನಾ ಇಲ್ಲಂದ್ರ…"

ತನ್ನ ಮಾತು ತನಗೇ ಕೇಳಿಸಿ ಅವಳು ಅರ್ಧಕ್ಕೇ ನಿಲ್ಲಿಸಿದಳು.

ಶೈಲಶ್ರೀ ಈಗ ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದಲ್ಲಿ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿಂದ ವಾಡಿಗೆ ಬರುವವರು ಸೇಡಂನಲ್ಲಿ ಬಸ್ಸು ಬದಲಿಸುತ್ತಾರೆ. ಜೂನ್ 11, ಬುಧವಾರ ಬೆಳಿಗ್ಗೆ 7.30ಕ್ಕೆ ಜೀಪು ಹೊರಟಿತು. ಚಿತ್ತಾಪುರ ದಾಟುವಾಗ ಮಹೇಶಕುಮಾರನ ಫೋನು ಬಂತು.

"ಏನಪಾ ಸಿದ್ದಲಿಂಗ, ಒಂದು ಹಾಳಿ ಹುಡುಕಲಿಕ್ಕ ಚಿಂಚೋಳಿ ತನಕ ಹೊಂಟೀಯಂತ?"

"ಹೌದ್ರಿ ಸರ್," ಎಂದ ಸಿದ್ದಲಿಂಗೇಶ. ತರಬೇತಿಯಲ್ಲಿ ಒಂದೇ ತಟ್ಟೆಯಲ್ಲಿ ಉಂಡವನಿಗೆ ಸರ್ ಎಂದದ್ದು ಅದೇ ಮೊದಲು. ಹೊಟ್ಟೆಯಲ್ಲಿ ಬೆಂಕಿ ಬಿದ್ದವರು ಹೇಗಿರುತ್ತಾರೆಂದು ತಿಳಿಯಲು ಅವನು ಅಷ್ಟು ದೂರ ಹೋಗಬೇಕಾಗಿರಲಿಲ್ಲ.

11.10. ನರ್ಸಿಂಗ್ ಹೋಮಿನ ಸಣ್ಣ ಕೋಣೆ. ಶೈಲಶ್ರೀ ಬಿಳಿ ಸಮವಸ್ತ್ರದಲ್ಲಿ ನೆಟ್ಟಗೆ ಕುಳಿತಿದ್ದಳು. ಭಾಗ್ಯಶ್ರೀ ಪಕ್ಕದಲ್ಲಿದ್ದಳು.

"ಜೂನ್ ಎರಡಕ್ಕ ಶಾಲಿಗೆ ಹೋಗಿದ್ದಿ?" ಸಿದ್ದಲಿಂಗೇಶ ಕೇಳಿದ.

"ಹೌದ್ರಿ. ಸರ್ಟಿಫಿಕೇಟಿಗೆ."

"ರಿಜಿಸ್ಟರ್ ತಿರುವಿದಿ?"

"ಎಲ್ಲಾರೂ ತಿರುವ್ತಾರ."

"ಶಿವಗಂಗಾ ಹುಟ್ಟಿದ ದಿನ ಯಾವುದು?"

"ಜೂನ್ ಒಂದು."

"ಖರೇದು?"

"ನನಗೇನು ಗೊತ್ರಿ?"

"ಹನ್ನೊಂದು ವರ್ಷ ಆಕಿ ಮುಂದ ಕುಂತು ತಿಲಕ ಹಚ್ಚಿಸಿಕೊಂಡೀದಿ. ಗೊತ್ತಿಲ್ಲೇನು?"

ಶೈಲಶ್ರೀಯ ಕೈ ಹಣೆಯ ತನಕ ಹೋಗಿ ಕೆಳಗಿಳಿಯಿತು. ಅವಳು ಎದ್ದು, "ರೂಮಿಗೆ ಹೋಗೋಣ ಬರ್ರಿ," ಎಂದಳು.

ಬಾಡಿಗೆ ಕೋಣೆಯ ತಗಡಿನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಹಾಸಿದ್ದ ಪೇಪರಿನ ಅಡಿಯಲ್ಲಿ ಹಾಳೆ ಸಿಕ್ಕಿತು. ಮಡಚಿರಲಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿತ್ತು. ಮನೆಯೊಡತಿ ರತ್ನಾಬಾಯಿ ಮತ್ತು ಎದುರು ಅಂಗಡಿಯವನ ಸಮಕ್ಷಮ 1.20ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. 2.10ಕ್ಕೆ ಬಂಧನದ ಕಾರಣ ತಿಳಿಸಿ, ಅವಳ ತಂದೆಗೆ ಫೋನು ಮಾಡಿ, ಜೀಪು ಹತ್ತಿಸಿದರು.

"ಸುಡಲಿಲ್ಲ ಯಾಕ?" ಭಾಗ್ಯಶ್ರೀ ದಾರಿಯಲ್ಲಿ ಕೇಳಿದಳು.

"ಕಡ್ಡಿ ಗೀರಿದ್ದೆ ರಿ. ನನ್ನ ಹೆಸರೂ ಅದರಾಗೇ ಅದ."

ಜೀಪು ಸೇಡಂ ದಾಟಿದ ಮೇಲೆ ಶೈಲಶ್ರೀ ಯಾರೂ ಕೇಳದೆ ಮಾತಾಡಿದಳು. "ಮಾರ್ಕ್ಸಿನಾಗ ಆಕಿನೇ ಮುಂದ, ಇರಲಿ. ನಮ್ಮವ್ವ ಸೈತ ಆಕಿನ್ನೇ ಹೊಗಳ್ತಾಳ, ಇರಲಿ. ನಮ್ಮ ಮುತ್ಯಾನ ಕಾಲದಿಂದ ನಾವು ಇಲ್ಲಿಯವ್ರು. ಅದೊಂದರಾಗ ಆಕಿಗಿಂತ ನಾ ಹೆಚ್ಚು ಅನ್ಕೊಂಡಿದ್ದೆ. ಇಲ್ಲಿಯವರ ಕೋಟಾದಾಗೂ ಆಕಿನೇ ಗೆದ್ಲು. ನಂದೇನು ಉಳೀತು ಹೇಳ್ರಿ?"

ಆ ಸಂಜೆ ಕೇಸ್ ಡೈರಿಯಲ್ಲಿ ಸಿದ್ದಲಿಂಗೇಶ ಅಪರಾಧದ ಕಾರಣ 'ನೌಕರಿಯ ಆಸೆ' ಎಂದು ಬರೆದ. ಹೊಟ್ಟೆಕಿಚ್ಚು ಎಂಬ ಮಾತು ಪೆನ್ನಿನ ತುದಿಗೆ ಬಂದಿತ್ತು. ಅದನ್ನು ಇನ್ನೊಬ್ಬರ ಹೆಸರಿನ ಮುಂದೆ ಬರೆಯಲು ಅವನಿಗೆ ನಾಚಿಕೆಯಾಯಿತು.

6.30ಕ್ಕೆ ಹಾಳೆ ಗುರುತಿಸಲು ಶಿವಗಂಗಾ ಬಂದಳು. ಕೋರ್ಟಿನ ಅನುಮತಿ ಪಡೆದು ಶುಕ್ರವಾರ ಭಾಗ್ಯಶ್ರೀಯೇ ಅದನ್ನು ಕಲಬುರಗಿಗೆ ಒಯ್ಯುವುದೆಂದು ಆಗಲೇ ತೀರ್ಮಾನವಾಗಿತ್ತು. ಪಕ್ಕದ ಕೋಣೆಯಲ್ಲಿ ಶೈಲಶ್ರೀ ಇದ್ದಾಳೆಂದು ಶಿವಗಂಗಾಳಿಗೆ ತಿಳಿದಿತ್ತು. ಅವಳು ಆ ಕಡೆ ತಿರುಗಲಿಲ್ಲ. ನಿಂತುಕೊಂಡೇ ಹಾಳೆಯನ್ನು ಬೆಳಕಿಗೆ ಹಿಡಿದಳು.

ಮೊದಲ ಸಾಲಿನಲ್ಲಿ ಶೈಲಶ್ರೀ, ಎರಡನೆಯದರಲ್ಲಿ ಶಿವಗಂಗಾ. ಇಬ್ಬರದೂ 1-6-2001. ರಾಷ್ಟ್ರೀಯತೆ ಎಂಬ ಕಾಲಮ್ಮಿನಲ್ಲಿ ಆಗಿನ ಮಾಸ್ತರರು ಮೊದಲ ಸಾಲಿಗೆ ಮಾತ್ರ 'ಭಾರತೀಯ' ಎಂದು ಪೂರ್ತಿ ಬರೆದು, ಕೆಳಗೆಲ್ಲ ಎರಡೆರಡು ಸಣ್ಣ ಗೀಟು ಎಳೆದಿದ್ದರು. ಶಿವಗಂಗಾಳ ಬೆರಳು ಆ ಗೀಟಿನ ಮೇಲೆ ನಿಂತಿತು.

"ಇದು ನಡೀತದೇನ್ರಿ ಸರ್? ನನ್ನ ಮುಂದ ಡಿಟ್ಟೋ ಅಷ್ಟೇ ಹಾಕ್ಯಾರ."

"ನಡೀತದವ್ವ," ಎಂದ ಸಿದ್ದಲಿಂಗೇಶ. "ಮ್ಯಾಲಿನ ಸಾಲು ಇರೋ ತನಕ ನಡೀತದ."

ಅವಳು ಮೇಲಿನ ಸಾಲಿನ ಹೆಸರನ್ನು ಓದಿದಳು. ಗುರುತಿಸಿದ್ದೇನೆ ಎಂದು ಬರೆದು ಸಹಿ ಮಾಡಿದಳು. ಹೊರಗೆ ಹೋಗುವಾಗ ಪಕ್ಕದ ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಗೆ ಹೋಗದೆ, "ಆಕಿ ಉಂಡಾಳೇನ್ರಿ?" ಎಂದು ಭಾಗ್ಯಶ್ರೀಯನ್ನು ಕೇಳಿದಳು.